ಉತ್ತರ ದೇಶದ ಚಳಿಯೂ ಉಪಾಧ್ಯಾಯನ ಕ್ಯಾಮರಾವೂ

ಹಿಂದೆ ನಮ್ಮವರು ಯಾತ್ರೆಯೆಂದರೆ ಕಾಶಿ ರಾಮೇಶ್ವರಗಳೆಂದು ತಿಳಿಯುತ್ತಿದ್ದರು. ಬೇಸಗೆಯಲ್ಲಿ ತಂಪನ್ನು ಬಯಸಿ ಉದಕಮಂಡಲಕ್ಕೆ ಹೋಗಿ ಬಂದವರನ್ನು ಭಾಗ್ಯವಂತರೆನ್ನುತ್ತಿದ್ದರು. ಚಳಿಗಾಲದಲ್ಲಿ ಇನ್ನೂ ಹೆಚ್ಚಿನ ಚಳಿಯನ್ನು ಹುಡುಕಿಕೊಂಡು ಹೋಗುವ ಪ್ರವಾಸವೊಂದು ಉಂಟೆಂದು ಕೇಳಿದ್ದರೆ ನಮ್ಮ ಅಜ್ಜಂದಿರು ನಕ್ಕುಬಿಡುತ್ತಿದ್ದರು. ಈಗ ಅದೂ ನಡೆದಿದೆ. ಸ್ವೀಡನ್ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ತಂಗಿಯ ಮಗನು ಕಳೆದ ಪುಷ್ಯಮಾಸದಲ್ಲಿ ಗೆಳೆಯರೊಡನೆ ನಾರ್ವೆಯ ಉತ್ತರದ ಕೊನೆಗೆ ಹೋಗಿ, ಕೌತೊಕೇನೊ ಎಂಬ ಊರಿನಲ್ಲಿ ಮೂರು ರಾತ್ರಿ ತಂಗಿದ್ದು, ಅಲ್ಲಿಯ ಆಕಾಶದಲ್ಲಿ ಕಾಣುವ ಧ್ರುವಪ್ರಭೆಯ ಚಿತ್ರಗಳನ್ನು ತೆಗೆದು ನಮಗೆ ಕಳುಹಿಸಿದನು. ಜೊತೆಗೆ ಒಂದು ದೂರೂ ಇದ್ದಿತು: "ಮಾವಾ, ಮನೆಯಿಂದ ಹೊರಗೆ ಬಂದು ಹತ್ತು ನಿಮಿಷವಾಗುವಷ್ಟರಲ್ಲಿ ಕ್ಯಾಮರಾ ನಿಂತುಹೋಯಿತು. ಒಳಕ್ಕೆ ತಂದರೆ ಮೈಯೆಲ್ಲ ಬೆವರು, ನನ್ನದಲ್ಲ, ಅದರದು." ಈ ಮಾತಿನ ಹಿಂದಿರುವ ಕಾರಣವನ್ನೂ, ಅದೇ ಊರಿನಲ್ಲಿ ನೂರನಲವತ್ತು ವರ್ಷಗಳಿಗೂ ಹಿಂದೆ ಶಾಲೆಯ ಉಪಾಧ್ಯಾಯನೊಬ್ಬನು ಪಟ್ಟ ಪಾಡನ್ನೂ ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಮೊದಲು ಆ ಸ್ಥಳದ ಚಳಿಯನ್ನು ತಿಳಿಯತಕ್ಕುದು. ನಾರ್ವೆಯ ಸಮುದ್ರತೀರಕ್ಕೆ ದಕ್ಷಿಣದಿಂದ ಬೆಚ್ಚಗಿನ ನೀರಿನ ಪ್ರವಾಹವು ಬರುತ್ತಿರುವುದರಿಂದ ತೀರದ ಊರುಗಳಲ್ಲಿ ಚಳಿ ಅಷ್ಟು ಘೋರವಲ್ಲ. ಪ್ರವಾಸಿಗಳು ನೆರೆಯುವ ಟ್ರೋಮ್ಸೋ ನಗರದಲ್ಲಿ ಜನವರಿಯ ಸರಾಸರಿ ಚಳಿಯು ಸೊನ್ನೆಗಿಂತ ನಾಲ್ಕು ಡಿಗ್ರಿಯ ಆಸುಪಾಸಿನಷ್ಟೇ ಕೆಳಗೆ. ಆದರೆ ಒಳನಾಡಿನ ಎತ್ತರದ ಬಯಲಿಗೆ ಹೋದರೆ ಸಂಗತಿಯೇ ಬೇರೆ. ಕೌತೊಕೇನೊ ಇರುವುದು 69ನೆಯ ಅಕ್ಷಾಂಶದಲ್ಲಿ. ಅಲ್ಲಿ ಸೊನ್ನೆಗಿಂತ ಕೆಳಗೆ 30 ಡಿಗ್ರಿ ಎಂಬುದು ವಿಶೇಷವಲ್ಲ, 40 ಆದದ್ದೂ ಉಂಟು. ನೆರೆಯ ಕರಾಶೋಕ್ ಎಂಬಲ್ಲಿ 1886ರ ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ 51.4 ಡಿಗ್ರಿಯನ್ನು ಅಳೆದಿರುವರು. ನಾರ್ವೆಯಲ್ಲಿ ಅದಕ್ಕಿಂತ ಹೆಚ್ಚಿನ ಚಳಿ ದಾಖಲೆಯಾಗಿಲ್ಲ. ಪಾದರಸವು 39 ಡಿಗ್ರಿಯ ಹತ್ತಿರದಲ್ಲಿಯೇ ಗಟ್ಟಿಯಾಗುವುದರಿಂದ, ಅಂತಹ ಚಳಿಯಲ್ಲಿ ಚಳಿಯನ್ನು ಅಳೆಯುವ ಪಾದರಸವೇ ಹೆಪ್ಪುಗಟ್ಟಿ ಕುಳಿತುಬಿಡುವುದು. (ಸೊನ್ನೆಗಿಂತ ಕೆಳಗೆ 40 ಎಂಬ ಅಂಕೆಯು ಸೆಂಟಿಗ್ರೇಡಿನಲ್ಲಿಯೂ ಫ್ಯಾರನ್‌ಹೀಟಿನಲ್ಲಿಯೂ ಒಂದೇ, ಮಕ್ಕಳು ಲೆಕ್ಕಮಾಡಿ ನೋಡಲಿ.) ನವೆಂಬರಿನ ಕೊನೆಯಿಂದ ಜನವರಿಯ ನಡುವಿನವರೆಗೆ ಅಲ್ಲಿ ಸೂರ್ಯೋದಯವೇ ಇಲ್ಲ. ಮೇರುವಿನಲ್ಲಿರುವವರಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ಸೂರ್ಯಸಿದ್ಧಾಂತವು ಹೇಳುವುದಷ್ಟೆ. ಕೌತೊಕೇನೊ ಮೇರುವಲ್ಲ, ಮೇರುವಿಗೆ ಹೋಗುವ ದಾರಿ. ಆದುದರಿಂದ ರಾತ್ರಿಯೂ ಅಷ್ಟು ಮಟ್ಟಿಗೆ ಚಿಕ್ಕದು.

ಇನ್ನು ಕ್ಯಾಮರಾ ನಿಂತುದೇಕೆ? ಬ್ಯಾಟರಿಯೊಳಗೆ ನಡೆಯುವುದು ರಸಾಯನಕ್ರಿಯೆ. ಚಳಿ ಹೆಚ್ಚಿದಷ್ಟೂ ಅದು ನಿಧಾನವಾಗುವುದು. ಧನುರ್ಮಾಸದಲ್ಲಿ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದೆ ನಿಂತಿರುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಹಾಲು ಕೆಟ್ಟಿಲ್ಲ, ಹೆಪ್ಪೂ ಕೆಟ್ಟಿಲ್ಲ, ಬಿಸುಪು ಸಾಲದು ಅಷ್ಟೆ. ಬ್ಯಾಟರಿಯೂ ಹಾಗೆಯೇ. ಅಂಗಿಯ ಒಳಜೇಬಿನಲ್ಲಿ ಮೈಗೆ ತಗಲುವಂತೆ ಇಟ್ಟುಕೊಂಡರೆ ಮತ್ತೆ ಜೀವ ಬರುವುದು. ಬಲ್ಲವರು ಎರಡು ಮೂರು ಬ್ಯಾಟರಿಗಳನ್ನು ಒಯ್ದು, ಒಂದು ಹೊರಗಿರುವಾಗ ಮಿಕ್ಕವನ್ನು ಒಳಗಿಟ್ಟು ಬದಲಾಯಿಸುತ್ತಿರುವರು.

ಬ್ಯಾಟರಿಯಿಲ್ಲದ ಹಳೆಯ ಯಂತ್ರಗಳಿಗೂ ಕಷ್ಟ ತಪ್ಪಿದ್ದಲ್ಲ. ನಮ್ಮಲ್ಲಿ ಮಾಗಿಯ ಬೆಳಗಿನಲ್ಲಿ ಕೊಬ್ಬರಿಯೆಣ್ಣೆ ಸೀಸೆಯಲ್ಲಿಯೇ ಗಟ್ಟಿಯಾಗುವುದಿಲ್ಲವೆ? ಕ್ಯಾಮರಾದ ಕೀಲುಗಳಿಗೆ ಹಾಕಿದ ಎಣ್ಣೆಯೂ ಆ ದೇಶದ ಚಳಿಯಲ್ಲಿ ಅಂಟಿನಂತಾಗಿ, ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ಶಟರು ತೂಕಡಿಸುವುದು. ಕ್ಷಣದಲ್ಲಿ ಮುಚ್ಚಬೇಕಾದುದು ತಡವಾಗಿ ಮುಚ್ಚಿದರೆ ಚಿತ್ರವು ಕೆಟ್ಟಿತೆಂದೇ ತಿಳಿಯಬೇಕು. ಆದ್ದರಿಂದ ಧ್ರುವದೇಶಗಳಿಗೆ ಹೊರಟವರು ಮೊದಲು ಎಣ್ಣೆಯನ್ನೆಲ್ಲ ಒರೆಸಿ ತೆಗೆಸುತ್ತಿದ್ದರು. ಫಿಲ್ಮು ಒಣಗಿದ ಬಾಳೆಯೆಲೆಯಂತೆ ಬಿರುಸಾಗಿ ಸುತ್ತುವಾಗ ಮುರಿಯುವುದು. ಗಾಳಿಯಲ್ಲಿ ತೇವವಿಲ್ಲದ ಕಾರಣ, ಬೇಗ ಸುತ್ತಿದರೆ ಉಜ್ಜಾಟದಿಂದ ಪುಟ್ಟ ವಿದ್ಯುತ್ ಕಿಡಿಗಳು ಹುಟ್ಟಿ, ಚಿತ್ರದಲ್ಲಿ ಮಿಂಚಿನ ಗೆರೆಗಳಂತೆ ಮೂಡುವುವು. ಲೋಹವನ್ನು ಬರಿಗೈಯಿಂದ ಮುಟ್ಟಲಾಗದು. ಅದು ಮೈಯ ಬಿಸುಪನ್ನು ಒಮ್ಮೆಗೇ ಸೆಳೆದುಕೊಂಡು, ಚರ್ಮದ ತೇವವನ್ನು ಮಂಜುಗಡ್ಡೆ ಮಾಡಿ ಹಿಡಿದುಕೊಳ್ಳುವುದು. ಭೂಮಿಯ ಆ ಇನ್ನೊಂದು ತುದಿಯಲ್ಲಿ, ಕ್ಯಾಪ್ಟನ್ ಸ್ಕಾಟನ ದಕ್ಷಿಣಧ್ರುವದ ತಂಡದೊಡನೆ 1910ರಲ್ಲಿ ಹೊರಟಿದ್ದ ಹರ್ಬರ್ಟ್ ಪಾಂಟಿಂಗ್ ಎಂಬ ಛಾಯಾಗ್ರಾಹಕನ ನಾಲಗೆಯು ಕ್ಯಾಮರಾದ ಲೋಹಕ್ಕೆ ತಗಲಿ ಅಂಟಿಕೊಂಡಿತಂತೆ. ಕಿತ್ತುಕೊಂಡಾಗ ತುದಿಯ ಚರ್ಮವು ಕ್ಯಾಮರಾಕ್ಕೆ ಸೇರಿತು.

ಬೆವರಿನ ವಿಷಯವು ಎಲ್ಲಕ್ಕಿಂತ ಮುಖ್ಯ. ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆಯ ಹೊರಮೈ ಬೆವರುವುದನ್ನು ನೋಡದವರಿಲ್ಲ. ತಂಬಿಗೆಯಿಂದ ನೀರು ಸೋರಿದ್ದಲ್ಲ. ಸುತ್ತಲಿನ ಗಾಳಿಯಲ್ಲಿದ್ದ ತೇವವು ತಣ್ಣನೆಯ ಮೈಯನ್ನು ಕಂಡು ಅಲ್ಲಿ ನೀರಾಗಿ ಕುಳಿತದ್ದು. ಹೊರಗೆ ಎರಡು ಗಂಟೆ ನಿಂತು ಚಳಿಯನ್ನು ಮೈಯಲ್ಲಿ ತುಂಬಿಕೊಂಡ ಕ್ಯಾಮರಾವನ್ನು ಅಡಿಗೆಯಾಗುತ್ತಿರುವ ಬೆಚ್ಚನೆಯ ಮನೆಯೊಳಕ್ಕೆ ತಂದರೆ, ಹೊರಮೈಯಷ್ಟೇ ಅಲ್ಲ, ಒಳಗಿನ ಗಾಜುಗಳೂ ಬೆವರುವುವು. ಆ ಸ್ಥಿತಿಯಲ್ಲಿ ಮತ್ತೆ ಹೊರಗೆ ಒಯ್ದರೆ ಬೆವರೆಲ್ಲ ಮಂಜುಗಡ್ಡೆ. ಉಪಾಯವು ಸುಲಭವಾದುದು: ಹೊರಗಿನ ಚಳಿಯಲ್ಲಿಯೇ ಅದನ್ನು ಚೀಲದೊಳಗಿಟ್ಟು, ಗಾಳಿಯಾಡದಂತೆ ಬಾಯಿ ಕಟ್ಟಿ, ಆಮೇಲೆ ಒಳಗೆ ತಂದು, ಮನೆಯ ಬಿಸುಪಿಗೆ ಬರುವವರೆಗೆ ಒಂದೆರಡು ಗಂಟೆ ಬಿಚ್ಚದಿರುವುದು. ಬೆವರು ಚೀಲಕ್ಕೆ ಬರುವುದು, ಕ್ಯಾಮರಾ ಒಣಗಿಯೇ ಇರುವುದು. ತೆಗೆದ ಚಿತ್ರವನ್ನು ಕೂಡಲೇ ನೋಡಬೇಕೆಂಬ ಚಪಲವೇ ಇದಕ್ಕೆ ಶತ್ರು. ಮತ್ತೊಂದು ಮಾತು: ಯಂತ್ರವು ಬೆಳ್ಳಗಿನ ಹಿಮವನ್ನು ಕಂಡು ಬೆಳಕು ಅತಿಯಾಯಿತೆಂದು ಭ್ರಮಿಸಿ, ಹಿಮವನ್ನು ಬೂದಿಯ ಬಣ್ಣಕ್ಕೆ ಇಳಿಸಿಬಿಡುವುದು. ಅದು ಹೇಳಿದ್ದಕ್ಕಿಂತ ಎರಡರಷ್ಟೋ ಮೂರರಷ್ಟೋ ಬೆಳಕನ್ನು ಕೊಟ್ಟರೆ ಹಿಮವು ಹಿಮವಾಗಿ ಕಾಣುವುದು.

ಈಗ ನಮ್ಮ ಉಪಾಧ್ಯಾಯನ ಕಥೆ. ಸೋಫುಸ್ ಟ್ರೋಮ್ಹೋಲ್ಟ್ (1851–1896) ಎಂಬಾತನು ನಾರ್ವೆಯ ಬರ್ಗೆನ್ ಪಟ್ಟಣದಲ್ಲಿ ಪಾಠ ಹೇಳುತ್ತಿದ್ದ ಡೇನಿಷ್ ಮನುಷ್ಯ. ಧ್ರುವಪ್ರಭೆಯೆಂದರೆ ಆತನಿಗೆ ಹುಚ್ಚು. ಊರೂರಿನ ಜನರಿಗೆ ಪತ್ರ ಬರೆದು, ಯಾವ ರಾತ್ರಿ ಎಷ್ಟು ಹೊತ್ತಿಗೆ ಪ್ರಭೆ ಕಂಡಿತೆಂದು ಕೇಳಿ ತರಿಸಿಕೊಂಡು ಬರೆದಿಡುತ್ತಿದ್ದನು. 1882–83ರಲ್ಲಿ ಅನೇಕ ದೇಶಗಳ ವಿದ್ವಾಂಸರು ಕೂಡಿ ಮೊದಲನೆಯ ಅಂತರರಾಷ್ಟ್ರೀಯ ಧ್ರುವವರ್ಷವನ್ನು ನಡೆಸಿದರು. ನಾರ್ವೆಯವರು ತಮ್ಮ ವೀಕ್ಷಣಾಲಯವನ್ನು ಸಮುದ್ರದ ಬಳಿಯ ಬೋಸ್ಸೆಕೋಪಿನಲ್ಲಿ ಇಟ್ಟರು. ಟ್ರೋಮ್ಹೋಲ್ಟನು ಅಲ್ಲಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದ ಕೌತೊಕೇನೊವಿಗೆ ಹೋಗಿ ಚಳಿಗಾಲವನ್ನು ಕಳೆದನು. ಒಂದೇ ಪ್ರಭೆಯನ್ನು ಒಂದೇ ಹೊತ್ತಿನಲ್ಲಿ ಎರಡು ಕಡೆಯಿಂದ ನೋಡಿದರೆ ಅದರ ಎತ್ತರವನ್ನು ತ್ರಿಕೋನಗಣಿತದಿಂದ ತೆಗೆಯಬಹುದೆಂಬುದು ಉದ್ದೇಶ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಸರಿದಂತೆ ಕಾಣುವುದಷ್ಟೆ, ಅದೇ ತತ್ತ್ವ.

ಚಿತ್ರವೊಂದು ಸಿಕ್ಕಿದ್ದರೆ ಲೆಕ್ಕವು ಎಷ್ಟೋ ಹಗುರವಾಗುತ್ತಿದ್ದಿತು. ಆತನು ಗಾಜಿನ ಫಲಕಗಳನ್ನು ಪ್ರಭೆಯ ಕಡೆಗೆ ತಿರುಗಿಸಿ ನಿಮಿಷಗಟ್ಟಲೆ ತೆರೆದಿಟ್ಟನು. ಫಲಕದಲ್ಲಿ ಏನೂ ಮೂಡಲಿಲ್ಲ. ಆ ಕಾಲದ ಸಾಮಾನ್ಯ ಫಲಕಗಳು ನೀಲಿ ನೇರಿಳೆಗಳನ್ನು ಕಾಣುತ್ತಿದ್ದುವೇ ಹೊರತು ಹಸುರಿಗೆ ಬಹುಮಟ್ಟಿಗೆ ಕುರುಡಾಗಿದ್ದುವು. ಪ್ರಭೆಯಲ್ಲಿ ಎದ್ದು ತೋರುವುದೋ ಹಸುರೇ. ಅದು ಕ್ಷಣಕ್ಷಣಕ್ಕೂ ರೂಪ ಬದಲಿಸುವುದು ಬೇರೆ. ಕೊನೆಗೆ ಪ್ರಭೆಯನ್ನು ಕೈಯಿಂದ ಬರೆದುಕೊಳ್ಳಬೇಕಾಯಿತು.

ಆದರೆ ಕ್ಯಾಮರಾ ಸುಮ್ಮನಿರಲಿಲ್ಲ. ಕೌತೊಕೇನೊ ಸಾಮಿ ಜನರ ಊರು. ಹಿಮಸಾರಂಗಗಳನ್ನು ಸಾಕುವ ಇವರು ಬೇಸಗೆಯಲ್ಲಿ ಮಂದೆಯನ್ನು ಕಡಲತೀರಕ್ಕೆ ಹೊಡೆದುಕೊಂಡು ಹೋಗಿ, ಚಳಿಗಾಲಕ್ಕೆ ಈ ಬಯಲಿಗೆ ಮರಳುವರು. ಹೊರಗಿನವರು ಇವರನ್ನು ಲ್ಯಾಪ್ ಎಂದು ಕರೆಯುತ್ತಿದ್ದರು. ಆ ಹೆಸರು ಅವರಿಗೆ ಸಮ್ಮತವಲ್ಲ. ಟ್ರೋಮ್ಹೋಲ್ಟನು ಇವರ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರ ಭಾವಚಿತ್ರಗಳನ್ನು ತೆಗೆದನು. ಚಿತ್ರಗಳೊಡನೆ ಅವರವರ ಹೆಸರುಗಳನ್ನು ಬರೆದಿಟ್ಟನು. ಇದರಲ್ಲೇನು ಹೆಚ್ಚೆಂದು ವಾಚಕರು ಕೇಳಬಹುದು. ಆ ಕಾಲದ ಪಂಡಿತರಿಗೆ ಇಂಥ ಜನರು ಅಳತೆಯ ವಸ್ತುಗಳಾಗಿದ್ದರು. 1884ರಲ್ಲಿ ಫ್ರಾನ್ಸಿನ ರೋಲಾಂ ಬೊನಾಪಾರ್ಟ್ ಎಂಬ ರಾಜಪುತ್ರನು ಸಾಮಿಗಳ ದೇಶಕ್ಕೆ ತಂಡ ಕಟ್ಟಿಕೊಂಡು ಬಂದು, ಒಬ್ಬೊಬ್ಬರನ್ನೂ ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಂದು ಚಿತ್ರ ತೆಗೆಸಿ ತಲೆಗಳನ್ನು ಅಳೆಯಿಸಿದನು.

ಕೌತೊಕೇನೊದವರಿಗೆ ತಲೆಯ ಮಾತು ಹಳೆಯ ಗಾಯವಾಗಿದ್ದಿತು. 1852ರಲ್ಲಿ ಅಲ್ಲಿಯ ಕೆಲವು ಸಾಮಿಗಳು ದಂಗೆಯೆದ್ದು, ಮದ್ಯ ಮಾರುತ್ತಿದ್ದ ವರ್ತಕನನ್ನೂ ಸರಕಾರದ ಅಧಿಕಾರಿಯನ್ನೂ ಕೊಂದರು. ಮುಂದಾಳುಗಳಾದ ಅಸ್ಲಾಕ್ ಹೆಟ್ಟ, ಮೋನ್ಸ್ ಸೊಂಬಿ ಎಂಬಿಬ್ಬರಿಗೆ 1854ರಲ್ಲಿ ಶಿರಚ್ಛೇದವಾಯಿತು. ತಲೆಗಳನ್ನು ಮಣ್ಣುಮಾಡಲಿಲ್ಲ, ರಾಜಧಾನಿಯ ವಿಶ್ವವಿದ್ಯಾಲಯದ ಶರೀರಶಾಸ್ತ್ರ ಸಂಗ್ರಹಕ್ಕೆಂದು ಒಯ್ದರು. ಅಸ್ಲಾಕನ ತಮ್ಮ ಲಾರ್ಸ್ ಹೆಟ್ಟನಿಗೂ ಮರಣದಂಡನೆಯೇ ಆಗಿದ್ದಿತು. ಹದಿನೆಂಟರ ಎಳೆಯ ಪ್ರಾಯದವನೆಂದು ಅದನ್ನು ಸೆರೆಯಾಗಿ ಬದಲಿಸಿದರು. ಸೆರೆಮನೆಯಲ್ಲಿ ಕುಳಿತು ಆತನು ಬೈಬಲಿನ ಭಾಗಗಳನ್ನು ಸಾಮಿ ಭಾಷೆಗೆ ತಿರುಗಿಸಿದನು. 1867ರಲ್ಲಿ ಬಿಡುಗಡೆ ಹೊಂದಿ ಊರಿಗೆ ಬಂದನು. ಟ್ರೋಮ್ಹೋಲ್ಟನ ಚಿತ್ರಗಳಲ್ಲಿ ಈ ಲಾರ್ಸನದೂ ಒಂದು. ಅಣ್ಣನ ತಲೆ ಪಂಡಿತರ ಸಂಗ್ರಹದಲ್ಲಿ. ತಮ್ಮನ ಮುಖ ಗಾಜಿನ ಫಲಕದಲ್ಲಿ, ಹೆಸರಿನೊಡನೆ. ಆ ಇಬ್ಬರ ತಲೆಬುರುಡೆಗಳು ಮಣ್ಣಿಗೆ ಸೇರಿದುದು 1997ರಲ್ಲಿ. ಫಲಕಗಳನ್ನು ಬರ್ಗೆನ್ ವಿಶ್ವವಿದ್ಯಾಲಯದ ಪುಸ್ತಕಭಂಡಾರದಲ್ಲಿ ಕಾಪಾಡಿರುವರು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಅವನ್ನು ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಯಲ್ಲಿ ಸೇರಿಸಿತು.

ಇದನ್ನೆಲ್ಲ ಓದಿದ ಮೇಲೆ ನಾವು ನಮ್ಮ ಸೋದರಳಿಯನ ಚಿತ್ರಗಳನ್ನು ಮತ್ತೊಮ್ಮೆ ತೆಗೆದು ನೋಡಿದೆವು. ನಲವತ್ತಮೂರು ಚಿತ್ರಗಳು, ನಲವತ್ತಮೂರರಲ್ಲಿಯೂ ಹಸುರು ಆಕಾಶ. ಮನುಷ್ಯಮುಖ ಒಂದೂ ಇಲ್ಲ. "ಆ ಮೂರು ರಾತ್ರಿ ನಿನಗೆ ಬೆಂಕಿ ಹಾಕಿ ಊಟವಿಟ್ಟವರು ಯಾರಪ್ಪ?" ಎಂದು ಬರೆದೆವು. "ಒಬ್ಬ ಮುದುಕಿ ಮಾವಾ, ಹೆಸರು ಕೇಳಲಿಲ್ಲ" ಎಂದು ಉತ್ತರ ಬಂದಿತು. ಎಂಟು ದಿನದ ಮೇಲೆ ತಾನಾಗಿಯೇ ವಿಚಾರಿಸಿ ಹೆಸರನ್ನು ತಿಳಿಸಿದನು. ಹುಡುಗನನ್ನು ಮಾತ್ರ ಏಕೆ ಅನ್ನಬೇಕು? ನಮ್ಮ ಮನೆಗಳ ಟ್ರಂಕುಗಳಲ್ಲಿ ಪೇಟ ಕಟ್ಟಿ ಕುರ್ಚಿಯ ಮೇಲೆ ಕುಳಿತ ಎಷ್ಟು ಮಂದಿ ಇಲ್ಲ! ಇವರು ಯಾರೆಂದರೆ ಹಿರಿಯರು, "ನಮ್ಮ ಕಡೆಯವರೇ ಯಾರೋ" ಎನ್ನುವರು. ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಒಂದು ಸಾಲು ಬರೆಯಲು ಯಾರಿಗೂ ಪುರಸತ್ತಾಗಲಿಲ್ಲ.

ಧ್ರುವಪ್ರಭೆಯ ಚಿತ್ರವನ್ನು ಪಡೆದವರು ಜರ್ಮನಿಯ ಮಾರ್ಟಿನ್ ಬ್ರೆಂಡೆಲ್, ಒಟ್ಟೋ ಬಾಷಿನ್ ಎಂಬವರು. 1892ರ ಜನವರಿಯಲ್ಲಿ, ಬೋಸ್ಸೆಕೋಪಿನಲ್ಲಿಯೇ. ಅಷ್ಟರಲ್ಲಿ ಫಲಕಗಳು ಸುಧಾರಿಸಿದ್ದುವು. ಎತ್ತರದ ಲೆಕ್ಕವನ್ನು ಚಿತ್ರದಿಂದಲೇ ಬಗೆಹರಿಸಿದವನು ನಾರ್ವೆಯ ಗಣಿತಜ್ಞ ಕಾರ್ಲ್ ಸ್ಟೋರ್ಮರ್. 1910ರಲ್ಲಿ ಈತನೂ ಬೋಸ್ಸೆಕೋಪಿಗೆ ಹೋಗಿ, ದೂರದೂರ ಎರಡು ಕ್ಯಾಮರಾಗಳನ್ನಿಟ್ಟು, ನಡುವೆ ಟೆಲಿಫೋನು ಕಟ್ಟಿಸಿ, "ಈಗ" ಎಂದೊಡನೆ ಎರಡೂ ಕಡೆ ಒಂದೇ ಕ್ಷಣದಲ್ಲಿ ಚಿತ್ರ ತೆಗೆಯಿಸಿದನು. ಎರಡು ಚಿತ್ರಗಳಲ್ಲಿಯೂ ನಕ್ಷತ್ರಗಳು ಇದ್ದಲ್ಲಿಯೇ ಇರುವುವು, ಪ್ರಭೆ ಮಾತ್ರ ಸರಿದಿರುವುದು. ಸರಿದಷ್ಟನ್ನು ಅಳೆದರೆ ಎತ್ತರವು ಸಿಕ್ಕಿತು. ಪ್ರಭೆಯ ಕೆಳಗಿನ ಅಂಚು ನೆಲದಿಂದ ಸುಮಾರು 100 ಕಿಲೋಮೀಟರು ಮೇಲೆ. ಈ ಸ್ಟೋರ್ಮರನು ಯುವಕನಾಗಿದ್ದಾಗ ಅಂಗಿಯ ಗುಂಡಿಯ ಕಂಡಿಯಲ್ಲಿ ಮೂತಿ ಚಾಚುವ ಪುಟ್ಟ ಕ್ಯಾಮರಾವೊಂದನ್ನು ಎದೆಯೊಳಗೆ ಬಚ್ಚಿಟ್ಟುಕೊಂಡು, ರಾಜಧಾನಿಯ ಬೀದಿಯಲ್ಲಿ ಹೋಗಿಬರುವ ದೊಡ್ಡ ಮನುಷ್ಯರ ಚಿತ್ರಗಳನ್ನು ಕದ್ದು ತೆಗೆಯುತ್ತಿದ್ದನು. ಟೋಪಿ ತೆಗೆದು ನಮಸ್ಕರಿಸುವ ಹೊತ್ತಿಗೆ ಸರಿಯಾಗಿ ಯುವಕನು ದಾರವನ್ನು ಎಳೆಯುತ್ತಿದ್ದನು. ವಿದ್ಯೆಗೆ ಯೌವನದ ತುಂಟತನವೂ ಒದಗುವುದುಂಟು. ಆದರೆ ಕೇಳದೆ ತೆಗೆದ ಚಿತ್ರವನ್ನು ನಾವು ಮೆಚ್ಚಲಾರೆವು.

ಟ್ರೋಮ್ಹೋಲ್ಟನು ಐವತ್ತು ತುಂಬುವ ಮೊದಲೇ ಜರ್ಮನಿಯಲ್ಲಿ ತೀರಿಕೊಂಡನು. ಅದಕ್ಕೆ ಮುಂಚೆ, 1889ರಲ್ಲಿ, ಬೆಂಕಿಕಡ್ಡಿಗಳನ್ನು ಜೋಡಿಸಿ ಬಿಡಿಸುವ ಒಗಟುಗಳ ಪುಸ್ತಕವೊಂದನ್ನು ಅಚ್ಚುಹಾಕಿಸಿದ್ದನು. ಉಪಾಧ್ಯಾಯನ ಬುದ್ಧಿ ಎಲ್ಲಿ ಹೋದೀತು! ಆ ಜಾತಿಯ ಒಂದನ್ನು ನಾವೂ ಮಕ್ಕಳಿಗೆ ಕೊಡುತ್ತೇವೆ: ಆರು ಕಡ್ಡಿಗಳಿಂದ, ಒಂದನ್ನೂ ಮುರಿಯದೆ, ಸಮನಾದ ನಾಲ್ಕು ತ್ರಿಕೋನಗಳನ್ನು ಮಾಡಬೇಕು. ಉತ್ತರವು ಮುಂದಿನ ಸಂಚಿಕೆಯಲ್ಲಿ.