ಮಾಯಾ ಎಂಬ ಮರಿಜೇನು ಮತ್ತು ನಮ್ಮ ಮಕ್ಕಳ ಪ್ರಶ್ನೆಗಳು

ಮಕ್ಕಳು ಪ್ರಶ್ನೆ ಕೇಳುವುದನ್ನು ತುಂಟತನವೆಂದು ಬಗೆಯುವ ಅಭ್ಯಾಸ ನಮ್ಮ ಕಥೋಲಿಕ ಮನೆಗಳಲ್ಲಿ ಇನ್ನೂ ಬಲವಾಗಿಯೇ ಉಳಿದಿದೆ. ಹಿಂದೆ "ಸುಮ್ಕೆ ಕುಂತ್ಕೊ" ಎಂದು ಗದರಿಸುತ್ತಿದ್ದೆವು. ಈಗ ಆ ಗದರಿಕೆಯ ಜಾಗಕ್ಕೆ ಮೊಬೈಲು ಬಂದಿದೆ. ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ ಈ ಮಂಡ್ಯ ಸೀಮೆಯಲ್ಲಿ, ಬೆಸಗರಹಳ್ಳಿಯಂಥ ಊರುಗಳ ಸುತ್ತ ಚದುರಿ ನೆಲೆಸಿರುವ ಕುಟುಂಬಗಳೂ ಇದಕ್ಕೆ ಹೊರತಲ್ಲ. ತಾಯಿ ಒಲೆಯ ಮುಂದಿರುವಾಗ, ತಂದೆ ಗದ್ದೆಯಿಂದ ದಣಿದು ಬಂದಾಗ ಮಗುವಿನ ಕೈಗೆ ಪರದೆಯೊಂದನ್ನು ಕೊಟ್ಟು ಬಾಯಿ ಮುಚ್ಚಿಸುತ್ತೇವೆ. ಅದರಲ್ಲಿ ಓಡುವುದು ಬಹುಮಟ್ಟಿಗೆ ಗುದ್ದಾಟ ಮತ್ತು ಅಟ್ಟಾಟ. ಪರದೆಯನ್ನೇ ಮನೆಯಿಂದ ಹೊರಹಾಕಿರೆಂದು ಉಪದೇಶಿಸಿದರೆ ಯಾರೂ ಕೇಳುವುದಿಲ್ಲವೆಂಬುದು ನಮಗೆ ಗೊತ್ತು. ಆದುದರಿಂದ ಆ ಪರದೆಯೊಳಗಿರುವ ಒಂದು ಮರಿಜೇನನ್ನು ಪರಿಚಯಿಸಲು ಬಯಸುತ್ತೇವೆ.

ಅದರ ಹೆಸರು ಮಾಯಾ. 1912ರಲ್ಲಿ ಜರ್ಮನ್ ಲೇಖಕ ವಾಲ್ಡೆಮಾರ್ ಬೊನ್ಸೆಲ್ಸ್ ಬರೆದ ಕಥೆಯ ನಾಯಕಿ. 1975ರಲ್ಲಿ ಜಪಾನಿನ ಚಿತ್ರಕಾರರು ಆ ಕಥೆಯನ್ನು 52 ಕಂತುಗಳ ಕಾರ್ಟೂನ್ ಮಾಲೆಯಾಗಿ ರೂಪಿಸಿದರು. ಅದು ಹಲವು ಭಾಷೆಗಳಲ್ಲಿ ಲೋಕ ಸುತ್ತಿತು. 2012ರಲ್ಲಿ ಕಂಪ್ಯೂಟರ್ ಚಿತ್ರಣದ ಹೊಸ ಮಾಲೆಯೂ ಬಂದಿತು. ಗೂಡಿನ ಹೊರಗಿನ ಲೋಕ ಹೇಗಿದೆಯೆಂಬ ಕುತೂಹಲದಿಂದ ಹಾರಿಹೋಗುವ ಮಾಯಾ ಮಿಡತೆ, ಇರುವೆ, ಜೀರುಂಡೆಗಳನ್ನೆಲ್ಲ ಮಾತನಾಡಿಸುತ್ತಾಳೆ. ಎದುರಿಗಿರುವವರು ಯಾರು, ಅವರ ಬದುಕು ಎಂಥದು ಎಂದು ವಿಚಾರಿಸುವುದೇ ಅವಳ ಸಾಹಸ.

ಮೂಲ ಪುಸ್ತಕ ಇಷ್ಟು ಸೌಮ್ಯವಾಗಿರಲಿಲ್ಲ. ಅದರ ಕೊನೆಯಲ್ಲಿ ಜೇನುಗಳಿಗೂ ಕಣಜಗಳಿಗೂ ಘೋರ ಯುದ್ಧ ನಡೆಯುತ್ತದೆ. ಬೊನ್ಸೆಲ್ಸ್ ಮುಂದೆ ಯೆಹೂದ್ಯ ದ್ವೇಷವನ್ನು ಬಹಿರಂಗವಾಗಿ ಬರೆದ ಮನುಷ್ಯ. ಕಾರ್ಟೂನು ಆ ಯುದ್ಧದ ಕಾವನ್ನು ತಗ್ಗಿಸಿ ಗೆಳೆತನವನ್ನು ಮುಂದಕ್ಕೆ ತಂದಿತು. ಸೋಮಾರಿ ಗೆಳೆಯ ವಿಲ್ಲಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸತ್ತ ಸಿಂಹದ ಒಡಲಲ್ಲಿ ಜೇನು ಕಂಡ ಸಂಸೋನನ ಒಗಟು ನಮಗೆ ಇಲ್ಲಿ ನೆನಪಾಗದಿರದು.

ಆದರೆ ಮಾಯಾ ಅಪ್ಪಣೆಯಿಲ್ಲದೆ ಗೂಡು ಬಿಟ್ಟವಳಲ್ಲವೇ, ಇದು ನಮ್ಮ ಮಕ್ಕಳಿಗೆ ಅವಿಧೇಯತೆಯ ಪಾಠವಾಗದೇ ಎಂದು ತಂದೆತಾಯಂದಿರು ಕೇಳಬಹುದು. ಈ ಆತಂಕ ಹುಸಿಯಲ್ಲ. ಆದರೂ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. 12 ವರ್ಷದ ಬಾಲಯೇಸು ಜೆರುಸಲೇಮಿನಲ್ಲಿಯೇ ಉಳಿದುಬಿಟ್ಟರು. ಮರಿಯಮ್ಮನವರೂ ಜೋಸೆಫರೂ ಮೂರು ದಿನಗಳ ತಳಮಳದ ನಂತರ ಅವರನ್ನು ಕಂಡದ್ದು ಮಹಾದೇವಾಲಯದಲ್ಲಿ, ಬೋಧಕರ ನಡುವೆ, ಕೇಳುತ್ತ ಪ್ರಶ್ನಿಸುತ್ತ ಕುಳಿತಿದ್ದಾಗ. ತಾಯಿ ತನ್ನ ನೋವನ್ನು ಹೇಳಿಕೊಂಡರು, ಮಗನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರು. ಮಗ ಅವರೊಡನೆ ನಜರೇತಿಗೆ ಮರಳಿ ವಿಧೇಯನಾಗಿದ್ದರು. ಪ್ರಶ್ನೆಯೂ ವಿಧೇಯತೆಯೂ ಒಂದೇ ಮನೆಯಲ್ಲಿ ಬಾಳಿದವು. ಬೊನ್ಸೆಲ್ಸನ ಕಥೆಯಲ್ಲಿಯೂ ಮಾಯಾ ಕಣಜಗಳ ಸಂಚನ್ನು ಅರಿತ ಕೂಡಲೇ ಶಿಕ್ಷೆಗೆ ಹೆದರದೆ ಗೂಡಿಗೆ ಹಿಂದಿರುಗಿ ಎಚ್ಚರಿಸುತ್ತಾಳೆ, ರಾಣಿ ಅವಳನ್ನು ಕ್ಷಮಿಸುತ್ತಾಳೆ. ಹೊರಗೆ ಹೋಗಿದ್ದರಿಂದಲೇ ಅವಳಿಗೆ ಆ ಸಂಚು ತಿಳಿಯಿತು.

2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಜಗದ್ಗುರು 16ನೇ ಬೆನೆಡಿಕ್ಟರು ಮಕ್ಕಳು ಮತ್ತು ಮಾಧ್ಯಮ ಎಂಬ ವಿಷಯಕ್ಕೇ ಮೀಸಲಿಟ್ಟಿದ್ದರು. ಮನರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ಮೆರೆಸುವ ಕೃತಿಗಳನ್ನು, ಕಾರ್ಟೂನುಗಳನ್ನೂ ಸೇರಿಸಿ, ಅವರು ಕಟುವಾಗಿ ಖಂಡಿಸಿದರು. ಸೌಂದರ್ಯದ ಪರಿಚಯದಿಂದ ಮಕ್ಕಳ ವಿವೇಕ ಬೆಳೆಯುತ್ತದೆಂದೂ ತಿಳಿಸಿದರು. ಖಂಡನೆಯನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡೆವು, ಎರಡನೆಯದನ್ನು ಮರೆತೆವು.

ಮಾಯಾಳನ್ನು ತೋರಿಸುವುದಾದರೆ ಮಗುವಿನ ಪಕ್ಕದಲ್ಲಿ ಕುಳಿತು ತೋರಿಸಬೇಕು. ಭಾಷೆ ಅರ್ಥವಾಗದಿದ್ದರೆ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಬೆಸಗರಹಳ್ಳಿ ರಾಮಣ್ಣನವರ ಕಥೆಗಳಿಗೆ ಒದಗಿದ ಮಂಡ್ಯದ ಆಡುಮಾತು ಒಂದು ಜೇನುಹುಳುವಿನ ಕಥೆಗೆ ಸಾಲದೇ? ಬಳಿಕ ಮಗುವನ್ನು ಹೊರಗೆ ಕರೆದೊಯ್ಯಬೇಕು. ತೆಂಗಿನ ಹೊಂಬಾಳೆಯಲ್ಲಿ, ಬೇಸಿಗೆಯ ಹೊಂಗೆ ಹೂವಿನಲ್ಲಿ ಜೇನು ಮುತ್ತುವುದನ್ನು ಕಾಣಬಹುದು. ಹೆಜ್ಜೇನು, ತುಡುವೆ, ಕಡ್ಡಿಜೇನು ಬೇರೆ ಬೇರೆ ಎಂಬುದನ್ನು ಅಜ್ಜಂದಿರು ಬಲ್ಲರು. ಕಾರ್ಟೂನು ತಪ್ಪಾಗಿ ತೋರಿಸುವ ಸಂಗತಿಗಳನ್ನು ತಿದ್ದುವುದರಲ್ಲಿಯೂ ಒಂದು ಸೊಗಸುಂಟು. ನಿಜವಾದ ಕೆಲಸಗಾರ ಜೇನು ಹುಟ್ಟಿದೊಡನೆ ಲೋಕಸಂಚಾರಕ್ಕೆ ಹೊರಡುವುದಿಲ್ಲ. ಮೊದಲ ಎರಡು ಮೂರು ವಾರ ಗೂಡು ಶುಚಿಗೊಳಿಸಿ, ಮರಿಗಳಿಗೆ ಉಣಿಸಿ, ಮೇಣ ಕಟ್ಟಿ, ಆಮೇಲೆ ಹೂವಿಗೆ ಹೋಗುತ್ತದೆ. ಇನ್ನು ಗಂಡುಜೇನು ಮಕರಂದ ತರುವುದೇ ಇಲ್ಲವಾದ್ದರಿಂದ ವಿಲ್ಲಿಯನ್ನು ಸೋಮಾರಿಯೆಂದು ದೂರುವುದು ತುಸು ಅನ್ಯಾಯವೇ.

ಇದು ಬರೀ ವಿನೋದದ ಮಾತಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರವಾಗಿ ನಾಶಮಾಡಿತು. ಹೂ ಬಿಟ್ಟ ಬೆಳೆಗೆ ಕೀಟನಾಶಕ ಸಿಂಪಡಿಸುವಾಗ, ಹೆಜ್ಜೇನಿನ ಹುಟ್ಟಿಗೆ ದೊಂದಿ ಹಿಡಿಯುವಾಗ ನಾವು ಯೋಚಿಸುವುದಿಲ್ಲ. ಮಾಯಾಳನ್ನು ಮೆಚ್ಚಿದ ಮಗು ಆ ದೊಂದಿಯನ್ನು ಕಂಡು "ಯಾಕಪ್ಪ?" ಎಂದೀತು. ಅಂಥ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಬೇಕು.

ಧರ್ಮಸಭೆಗೆ ಜೇನು ಹೊಸ ನೆಂಟನಲ್ಲ. ಪಾಸ್ಕ ಜಾಗರಣೆಯ ರಾತ್ರಿ ಹಾಡುವ ಪಾಸ್ಕ ಘೋಷಣೆಯ ಲತೀನ್ ಮೂಲದಲ್ಲಿ ಪಾಸ್ಕ ದೀಪದ ಮೇಣವನ್ನು ಕೊಟ್ಟ ಜೇನಿನ ದುಡಿಮೆಯ ಸ್ಮರಣೆಯಿದೆ. ಡಿಸೆಂಬರ್ 7ರಂದು ನಾವು ಸ್ಮರಿಸುವ ಸಂತ ಅಂಬ್ರೋಸರು ಜೇನುಸಾಕಣೆಗಾರರ ಪಾಲಕರು. ಅವರು ತೊಟ್ಟಿಲ ಕೂಸಾಗಿದ್ದಾಗ ಜೇನಿನ ಹಿಂಡೊಂದು ಬಾಯಿಯ ಮೇಲೆ ಕುಳಿತು ನೋಯಿಸದೆ ಹೋಯಿತೆಂಬ ಐತಿಹ್ಯವಿದೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ಪ್ರಶ್ನೆಗಳ ಮಳೆಗರೆಯುವುದು ಖಂಡಿತ. ಜೇನಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದೂ ಕೇಳಬಹುದು. ಗೊತ್ತಿಲ್ಲದ್ದನ್ನು ನಾಳೆ ತಿಳಿದು ಹೇಳುವೆನೆಂದರಾಯಿತು. ಅಂದಹಾಗೆ, ಜೇನಿಗೂ ನಿದ್ದೆಯುಂಟು.