ನಕ್ಷೆಗೂ ಬೆಲೆಯುಂಟು

ಮನೆಯ ನಕ್ಷೆಗೆ ಹಣ ಕೊಡಬೇಕೇ? ನಾನು ನಿವೃತ್ತನಾದ ಮೇಲೆ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಷ್ಟು ಸಲ ಬೇರಾವ ಪ್ರಶ್ನೆಯೂ ಬಿದ್ದಿಲ್ಲ. ನನ್ನ ಓರಗೆಯ ಬಹುಪಾಲು ಮಿತ್ರರು ನಿವೃತ್ತಿಯ ಹಣ ಕೈಗೆ ಬಂದೊಡನೆ ಮನೆ ಕಟ್ಟಿಸಲು ಹೊರಟವರು. ಇಟ್ಟಿಗೆಗೆ, ಸಿಮೆಂಟಿಗೆ, ಕಬ್ಬಿಣಕ್ಕೆ, ಗಾರೆಯವರ ಕೂಲಿಗೆ ಚೌಕಾಸಿ ಮಾಡಿಯಾದರೂ ಅವರು ಹಣ ಎಣಿಸುತ್ತಾರೆ. ನಕ್ಷೆಯ ಮಾತು ಬಂದಾಗ ಮಾತ್ರ, "ನಾಲ್ಕು ಗೆರೆ ಎಳೆದದ್ದಕ್ಕೆ ಇಷ್ಟೇ? ಕಂಟ್ರಾಕ್ಟರು ಪುಕ್ಕಟೆ ಕೊಡುತ್ತಾನಲ್ಲ!" ಎಂದು ಹುಬ್ಬೇರಿಸುತ್ತಾರೆ. ಈ ಹುಬ್ಬೇರಿಕೆಯ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ. ಅದನ್ನು ಈ ಹೊತ್ತಿನಲ್ಲೇ ಬರೆಯಲು ಕಾರಣವೂ ಇದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಲ್ಲೂಕು ಕೇಂದ್ರವೊಂದರಲ್ಲಿ ಮನೆಗಳ ವಿನ್ಯಾಸ ಮಾಡಿಕೊಡುವ ಸಣ್ಣ ಕಚೇರಿ ನಡೆಸುತ್ತಿದ್ದಾಳೆ. ಆಕೆಯ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ. ಹಾಗೆಂದು ಆಕೆಯೇ ಕೇಳಿಕೊಂಡಿದ್ದಾಳೆ. 1990ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಎಂಜಿನಿಯರರೊಬ್ಬರ ಕೈಕೆಳಗೆ ಆರು ವರ್ಷ ದುಡಿದು, 1999ರಲ್ಲಿ ದಿನಸಿ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಸ್ವಂತ ಕಚೇರಿ ತೆರೆದಳು. ಒಂದು ಡ್ರಾಯಿಂಗ್ ಬೋರ್ಡು, ಒಂದು ಟೀ-ಸ್ಕ್ವೇರು, ಟ್ರೇಸಿಂಗ್ ಕಾಗದದ ಒಂದು ಸುರುಳಿ, ಎರಡು ಕುರ್ಚಿ. ಅದೇ ಬಂಡವಾಳ. ಮೊದಲ ಕಂಪ್ಯೂಟರು ಬಂದದ್ದು ನಾಲ್ಕು ವರ್ಷಗಳ ನಂತರ. ಇಂದಿಗೆ ಆಕೆ ನಕ್ಷೆ ಬರೆದ ಮನೆಗಳ ಸಂಖ್ಯೆ 250ನ್ನು ದಾಟಿದೆ. ಕಚೇರಿಯಲ್ಲಿರುವವರು ಆಕೆಯೂ ಸೇರಿ ಮೂವರೇ.

ಬಾಗಿಲ ಮೇಲಿನ ಫಲಕದ ವಿಷಯದಲ್ಲಿ ಆಕೆ ತೋರಿದ ಎಚ್ಚರ ನನಗೆ ಮೊದಲಿನಿಂದಲೂ ಮೆಚ್ಚುಗೆಯದು. ನಮ್ಮ ದೇಶದಲ್ಲಿ 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ನೋಂದಾಯಿತರಲ್ಲದವರು 'ಆರ್ಕಿಟೆಕ್ಟ್' ಎಂಬ ಬಿರುದನ್ನು ಬಳಸುವಂತಿಲ್ಲ. ಆ ಕಾಯಿದೆ ಬಿರುದನ್ನು ಕಾಯುತ್ತದೆಯೇ ಹೊರತು ವಿನ್ಯಾಸದ ಕೆಲಸವನ್ನೇ ನೋಂದಾಯಿತರಿಗೆ ಮೀಸಲಿಡುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ ತಿಂಗಳಲ್ಲಿ ಸ್ಪಷ್ಟಪಡಿಸಿತು. ಆ ತೀರ್ಪಿಗೆ ಇಪ್ಪತ್ತು ವರ್ಷ ಮೊದಲೇ ಆಕೆ ತನ್ನ ಫಲಕದಲ್ಲಿ 'ಮನೆ ವಿನ್ಯಾಸ ಕಚೇರಿ' ಎಂದಷ್ಟೇ ಬರೆಸಿದ್ದಳು. ಕಂಬ, ತೊಲೆಗಳ ಲೆಕ್ಕಕ್ಕೂ ಅನುಮೋದನೆಗೆ ಸಲ್ಲಿಸುವ ನಕ್ಷೆಯ ಸಹಿಗೂ ಅರ್ಹ ಎಂಜಿನಿಯರರೊಬ್ಬರ ಬಳಿಗೆ ಹೋಗುತ್ತಾಳೆ, ಅವರ ಸಂಭಾವನೆಯನ್ನು ಪ್ರತ್ಯೇಕವಾಗಿ ಕಾಣಿಸುತ್ತಾಳೆ. ತಾನು ಏನೆಂಬುದನ್ನೂ ಏನಲ್ಲವೆಂಬುದನ್ನೂ ಬಾಗಿಲಲ್ಲೇ ಹೇಳಿಬಿಡುವ ವ್ಯವಹಾರಕ್ಕೆ ಒಳಗೆ ಸುಳ್ಳು ಹೇಳುವ ಪ್ರಮೇಯ ಬರುವುದಿಲ್ಲ.

ಇನ್ನು ಹಣದ ವಿಷಯ. ನಾನು ಗಣಿತದ ಮೇಷ್ಟ್ರು. ಲೆಕ್ಕವಿಲ್ಲದ ಅಭಿಪ್ರಾಯದಲ್ಲಿ ನನಗೆ ನಂಬಿಕೆಯಿಲ್ಲ. ಉದಾಹರಣೆಗೆ 12 ಚದರದ ಒಂದು ಮನೆ ಎಂದಿಟ್ಟುಕೊಳ್ಳೋಣ. ಚದರಕ್ಕೆ 2 ಲಕ್ಷ ರೂಪಾಯಿಯಂತೆ ಹಿಡಿದರೆ ಕಟ್ಟಡದ ವೆಚ್ಚ 24 ಲಕ್ಷ. ವಿನ್ಯಾಸಕ್ಕೆ ನೂರಕ್ಕೆ ಮೂರರಂತೆ ಕೊಟ್ಟರೆ 72,000 ರೂಪಾಯಿ. ನಿವೇಶನ ಅಳೆಯುವುದು, ಮನೆಯವರೊಡನೆ ಮಾತು, ಮೂರು ನಾಲ್ಕು ಬಾರಿ ತಿದ್ದಿದ ಕರಡು, ಅನುಮೋದನೆಯ ನಕ್ಷೆ, ವಿದ್ಯುತ್ತು ನೀರಿನ ಕೊಳವೆಗಳ ನಕ್ಷೆ, ಕೆಲಸ ನಡೆಯುವಾಗ ಹದಿನೈದಿಪ್ಪತ್ತು ಸಲ ಸ್ಥಳಕ್ಕೆ ಹೋಗಿಬರುವುದು, ಇಷ್ಟಕ್ಕೆ 200 ಗಂಟೆಯೆಂದರೂ ಗಂಟೆಗೆ 360 ರೂಪಾಯಿ. ವರ್ಷಕ್ಕೆ ಇಂಥ 14 ಮನೆಗಳಾದರೆ ಹತ್ತು ಲಕ್ಷದ ಆಸುಪಾಸಿನ ವರಮಾನ. ಅದರಲ್ಲಿ ಇಬ್ಬರ ಸಂಬಳ, ಬಾಡಿಗೆ, ಕಂಪ್ಯೂಟರು, ಪೆಟ್ರೋಲು ಎಲ್ಲವೂ ಕಳೆಯಬೇಕು. ಉಳಿಯುವುದು ಒಂದು ಸಾಧಾರಣ ಸಂಬಳದಷ್ಟು. ಇದನ್ನು ಕಂಡು ಹುಬ್ಬೇರಿಸುವಂಥದ್ದು ಏನೂ ಇಲ್ಲ.

ಇದೇ ಲೆಕ್ಕವನ್ನು ಮನೆಯವರ ಕಡೆಯಿಂದಲೂ ಮಾಡಬಹುದು. ಪುಕ್ಕಟೆ ನಕ್ಷೆಯಲ್ಲಿ ಬಾಗಿಲಿಂದ ಬಾಗಿಲಿಗೆ ನಡೆದಾಡಲೆಂದೇ ಜಾಗ ಪೋಲಾಗಿರುತ್ತದೆ. ಬುದ್ಧಿವಂತ ವಿನ್ಯಾಸ ಅಂಥ 60 ಚದರಡಿಯನ್ನು ಉಳಿಸಿದರೂ ಮೇಲಿನ ದರದಲ್ಲಿ 1,20,000 ರೂಪಾಯಿ ಉಳಿಯಿತು. ಅಂದರೆ ಸಂಭಾವನೆ ಹೋಗಿ ಮೇಲೆ ಮಿಕ್ಕಿತು. ಅಲ್ಲದೆ ಪುಕ್ಕಟೆ ನಕ್ಷೆ ನಿಜಕ್ಕೂ ಪುಕ್ಕಟೆಯಲ್ಲ. ಅದರ ಬೆಲೆ ಕಂಟ್ರಾಕ್ಟಿನ ದರದೊಳಗೆ ಎಲ್ಲಿಯೋ ಅಡಗಿ ಕುಳಿತಿರುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೆ.

ನಿಯಮಕ್ಕೆ ಹೊಂದುವ ನಕ್ಷೆಯೆಲ್ಲ ಒಳ್ಳೆಯ ನಕ್ಷೆಯೆಂದೂ ಭಾವಿಸಬಾರದು. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರು ವಿಸ್ತೀರ್ಣ, 2.4 ಮೀಟರು ಅಗಲ ಇರಬೇಕೆನ್ನುತ್ತದೆ. ಆ ಅಳತೆಯ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ತೆರೆಯುತ್ತದೆಯೇ, ಬಾಣಂತಿಯ ಪಕ್ಕದಲ್ಲಿ ತೊಟ್ಟಿಲಿಗೆ ಎಡೆಯಿದೆಯೇ, ಸಂಜೆಯ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆಯೇ ಎಂಬುದನ್ನು ಸಂಹಿತೆ ನೋಡಲಾರದು. ಅದನ್ನು ನೋಡಲು ಒಬ್ಬ ಮನುಷ್ಯ ಬೇಕು.

ಮೊದಲ ವರ್ಷಗಳಲ್ಲಿ ಆಕೆ ಪಟ್ಟ ಪಾಡು ಸಾಮಾನ್ಯದ್ದಲ್ಲ. ಕರಡು ನೋಡುತ್ತೇವೆಂದು ಒಯ್ದವರು ಅದನ್ನೇ ಮೇಸ್ತ್ರಿಯ ಕೈಗಿತ್ತು ಮನೆ ಕಟ್ಟಿಸಿಕೊಂಡದ್ದುಂಟು. "ಹೆಣ್ಣುಮಗಳು ಹಾಕಿದ ಅಳತೆ" ಎಂದು ಸೆಂಟ್ರಿಂಗಿನವರು ಮತ್ತೊಮ್ಮೆ ಟೇಪು ಹಿಡಿದದ್ದೂ ಉಂಟು. ಆಕೆ ಜಗಳಕ್ಕೆ ನಿಲ್ಲಲಿಲ್ಲ. ಕನ್ನಡದಲ್ಲಿ ಒಂದೇ ಪುಟದ ಕರಾರುಪತ್ರ ಬರೆದಳು. ಮೊದಲ ಕಂತು ಅಳತೆಗೆ ಬಂದ ದಿನ, ಎರಡನೆಯದು ನಕ್ಷೆ ಒಪ್ಪಿಗೆಯಾದಾಗ, ಮೂರನೆಯದು ತಾರಸಿ ಹಾಕಿದ ಮೇಲೆ. ಎಷ್ಟು ಸಲ ತಿದ್ದಿಕೊಡಲಾಗುವುದು, ಎಷ್ಟು ಸಲ ಸ್ಥಳಕ್ಕೆ ಬರಲಾಗುವುದು ಎಂಬುದೂ ಅದರಲ್ಲಿತ್ತು. ಆ ಒಂದು ಹಾಳೆ ಬಂದ ವರ್ಷ ಗಿರಾಕಿಗಳು ಕಡಿಮೆಯಾದರು, ಆದರೆ ಬಾಕಿಯೂ ಕಡಿಮೆಯಾಯಿತು. ಎರಡು ವರ್ಷಗಳಲ್ಲಿ ಗಿರಾಕಿಗಳು ಮರಳಿದರು, ಬಾಕಿ ಮರಳಲಿಲ್ಲ.

2009ರ ಸುಮಾರಿಗೆ ವ್ಯವಹಾರವನ್ನು ಹಿಗ್ಗಿಸುವ ಆಸೆ ಆಕೆಗೂ ಹುಟ್ಟಿತು. ನಕ್ಷೆಯ ಜೊತೆಗೆ ಕಟ್ಟುವ ಗುತ್ತಿಗೆಯನ್ನೂ ಹಿಡಿದಳು. ಮರಳಿನ ಬೆಲೆ ಏರಿತು, ಒಬ್ಬ ಮನೆಮಾಲೀಕರು ಕೊನೆಯ ಕಂತನ್ನು ಕೊಡದೆ ಕೈಯೆತ್ತಿದರು. ಶನಿವಾರದ ಬಟವಾಡೆ ನಿಲ್ಲಬಾರದೆಂದು ಆಕೆ ಒಡವೆ ಅಡವಿಟ್ಟಳು. ನಾಲ್ಕು ವರ್ಷಗಳ ನಂತರ ಗುತ್ತಿಗೆಯನ್ನು ಬಿಟ್ಟಳು. ಆದರೆ ಬಿಟ್ಟದ್ದಕ್ಕೆ ಆಕೆ ಕೊಟ್ಟ ಕಾರಣ ನಷ್ಟವಲ್ಲ. "ನಕ್ಷೆ ಬರೆದವರೇ ಕಟ್ಟಿದರೆ ತಪ್ಪಾಗಿದೆ ಎನ್ನುವವರು ಯಾರು ಸಾರ್? ಪ್ರಶ್ನೆಪತ್ರಿಕೆ ಮಾಡಿದವರೇ ಉತ್ತರ ಬರೆದು, ಅವರೇ ಅಂಕ ಹಾಕಿಕೊಂಡ ಹಾಗೆ" ಎಂದಳು. ವಿನ್ಯಾಸಕನೂ ಕಟ್ಟುವವನೂ ಎಂದೂ ಒಂದಾಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಮನೆಮಾಲೀಕನ ಪರವಾಗಿ ನಿಂತು ಗೋಡೆಗೆ ತೂಕದ ಗುಂಡು ಹಿಡಿದು ನೋಡುವ ಮೂರನೆಯ ಕಣ್ಣು ಒಂದು ಇರಬೇಕೆಂಬುದು ನನಗೂ ಒಪ್ಪಿತವಾದ ಮಾತು.

ಆ ಕಚೇರಿಯ ನಿಜವಾದ ಆಸ್ತಿ ಕಬ್ಬಿಣದ ಬೀರುವಿನಲ್ಲಿರುವ ಹನ್ನೆರಡು ನೋಟ್‌ಬುಕ್ಕುಗಳು. ಗೃಹಪ್ರವೇಶವಾಗಿ ಒಂದು ಮಳೆಗಾಲ ಕಳೆದ ಮೇಲೆ ಆಕೆ ತಾನು ವಿನ್ಯಾಸ ಮಾಡಿದ ಪ್ರತಿ ಮನೆಗೂ ಹೋಗುತ್ತಾಳೆ. ಇದಕ್ಕೆ ಹಣವಿಲ್ಲ, ಕಾಫಿ ಮಾತ್ರ. ಕಂಡದ್ದನ್ನು ಬರೆದುಕೊಳ್ಳುತ್ತಾಳೆ. ಪಶ್ಚಿಮದ ಕಿಟಕಿಗೆ ಸಜ್ಜಾ ಸಾಲದು, ಇರಚಲು ಒಳಗೆ ಬರುತ್ತದೆ. ಅಜ್ಜಿಗೆ ಬಚ್ಚಲಿನ ಮೆಟ್ಟಿಲು ಎತ್ತರವಾಯಿತು. ಅತಿಥಿಗಳ ಕೋಣೆಯಲ್ಲಿ ಅಕ್ಕಿ ಮೂಟೆ ಇಟ್ಟಿದ್ದಾರೆ. ಮುಂದಿನ ಮನೆಗೆ ಉಗ್ರಾಣ ಬೇಕು. ಒಂದು ಮನೆಯ ಕೊರತೆ ಇನ್ನೊಂದು ಮನೆಯ ಜ್ಞಾನವಾಗುವುದು ಹೀಗೆ. ಕಳೆದ ವರ್ಷದ ತಪ್ಪುಗಳನ್ನು ಗುರುತು ಹಾಕಿಟ್ಟುಕೊಂಡು ಈ ವರ್ಷದ ಪಾಠ ಮಾಡುವ ಉಪಾಧ್ಯಾಯರನ್ನು ನಾನು ಬಲ್ಲೆ. ಅಂಥವರ ತರಗತಿಯೇ ಬೇರೆ.

ಸಣ್ಣದಾಗಿ ಉಳಿಯುವುದು ಸೋಲಲ್ಲವೆಂಬುದಕ್ಕೆ ನೆರೆಯ ಕೇರಳದ ಲಾರಿ ಬೇಕರ್ ಅವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 1945ರಲ್ಲಿ ಭಾರತಕ್ಕೆ ಬಂದು, ಕಡೆಗೆ ತಿರುವನಂತಪುರದಲ್ಲಿ ನೆಲೆನಿಂತ ಬೇಕರ್ ದೊಡ್ಡ ಕಚೇರಿಯನ್ನೇ ಕಟ್ಟಲಿಲ್ಲ. ಕೈಗೆ ಸಿಕ್ಕ ಕಾಗದದ ಮೇಲೆ ಗೆರೆ ಎಳೆದು, ಸ್ಥಳದಲ್ಲೇ ಗಾರೆಯವರೊಡನೆ ನಿಂತು ಮನೆಗಳನ್ನು ರೂಪಿಸಿದರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಬಳಕೆಗೆ ತಂದು ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುವಂತೆ ಮಾಡಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2007ರಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ಕೊಂಚ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳ ಬಗ್ಗೆ ಬಹಳ ಕೆಲಸ ಮಾಡಿತು. ನನ್ನ ವಿದ್ಯಾರ್ಥಿನಿಯ ಎರಡು ಮನೆಗಳು ಅಂಥ ಇಟ್ಟಿಗೆಯವು. ಪ್ರಯೋಗಶಾಲೆಯ ಒಳ್ಳೆಯ ವಿಚಾರವೊಂದು ತಾಲ್ಲೂಕಿನ ಬೀದಿಗೆ ಇಳಿದು ಬರಬೇಕಾದರೆ ನಡುವೆ ಇಂಥ ಸಣ್ಣ ಕಚೇರಿಯೊಂದು ಬೇಕೇ ಬೇಕು.

ಬ್ಯಾಂಕಿನಿಂದ ನಿವೃತ್ತರಾದ ನನ್ನ ಮಿತ್ರರೊಬ್ಬರು ಇದನ್ನು ಒಪ್ಪುವುದಿಲ್ಲ. "ಇಪ್ಪತ್ತೈದು ವರ್ಷವಾದರೂ ಮೂವರೇ ಇದ್ದಾರೆಂದರೆ ಅದು ವ್ಯವಹಾರವಲ್ಲ, ವ್ರತ" ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆಕೆ ಕಾಯಿಲೆ ಬಿದ್ದರೆ ಕಚೇರಿಯೂ ಮಲಗುತ್ತದೆ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ 2017ರಲ್ಲಿ ಬಂದ ಜಿ.ಎಸ್.ಟಿ. ನೋಂದಣಿ ಕಡ್ಡಾಯ, ಆಗ ನೂರಕ್ಕೆ ಹದಿನೆಂಟರ ತೆರಿಗೆ ಮನೆ ಕಟ್ಟಿಸುವವರ ತಲೆಯ ಮೇಲೆ ಬರುತ್ತದೆ. ಹೀಗೆ ಬೆಳೆಯಲೂ ಬೆಲೆ ತೆರಬೇಕು, ಬೆಳೆಯದಿರಲೂ ತೆರಬೇಕು. ಆದರೆ ಬೆಳವಣಿಗೆಯೆಂದರೆ ತಲೆ ಎಣಿಕೆ ಮಾತ್ರವೇ? ಮೊದಲ ಮನೆಯವರ ಮಗ ತನ್ನ ಮನೆಗೂ ಆಕೆಯನ್ನೇ ಹುಡುಕಿಕೊಂಡು ಬಂದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ?

ಈಗ ಕಾರಣಕ್ಕೆ ಬರುತ್ತೇನೆ. ದೊಡ್ಡ ನಗರದ ಕಟ್ಟಡ ಕಂಪನಿಯೊಂದು ಆಕೆಯ ಮುಂದೆ ಪ್ರಸ್ತಾಪವೊಂದನ್ನು ಇಟ್ಟಿದೆ. ಕಚೇರಿ ಅವರ ಶಾಖೆಯಾಗಬೇಕು. ಮೂವತ್ತು-ನಲವತ್ತರ ನಿವೇಶನಗಳಿಗೆ ಐವತ್ತು ಸಿದ್ಧ ನಕ್ಷೆಗಳನ್ನು ಮಾಡಿಕೊಡಬೇಕು. ತಿಂಗಳಿಗೆ ಖಚಿತ ಸಂಬಳ. ಐವತ್ತರ ಹೊಸ್ತಿಲಲ್ಲಿರುವ, ಮಗಳ ಓದಿಗೆ ಹಣ ಹೊಂದಿಸಬೇಕಾದ ಹೆಣ್ಣುಮಗಳಿಗೆ ಇದು ಸಣ್ಣ ಮಾತಲ್ಲ. ಇತ್ತ ಮೊಬೈಲಿನಲ್ಲಿ ನಕ್ಷೆಗಳು ರಾಶಿರಾಶಿಯಾಗಿ ಸಿಗುತ್ತವೆ. ನಾಲ್ಕು ಸಾಲು ಬರೆದರೆ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಅರಮನೆಯ ಚಿತ್ರ ಬಿಡಿಸಿಕೊಡುತ್ತದೆ. ಆ ಚಿತ್ರದ ಮನೆಗೆ ಪಕ್ಕದ ಮನೆಯ ತೆಂಗಿನ ಮರದ ಗೊಡವೆಯಿಲ್ಲ, ಚರಂಡಿಯ ಇಳಿಜಾರಿನ ಚಿಂತೆಯಿಲ್ಲ. ಆದರೂ ಜನ ಅದನ್ನು ತಂದು, "ಇದನ್ನೇ ಬರೆದುಕೊಡಮ್ಮ, ಅರ್ಧ ಕೆಲಸ ಆಗಿಯೇ ಇದೆ, ಅರ್ಧ ಹಣ ತೆಗೆದುಕೋ" ಎನ್ನುತ್ತಾರಂತೆ.

ಆಕೆ ನನ್ನ ಸಲಹೆ ಕೇಳಿದಳು. ಖಚಿತ ಸಂಬಳವನ್ನು ಬಿಡು ಎನ್ನುವ ಹಕ್ಕು, ತಿಂಗಳಾರಂಭಕ್ಕೆ ತಪ್ಪದೆ ಪಿಂಚಣಿ ಪಡೆಯುವ ನನಗಿಲ್ಲ. ಅಭಿಪ್ರಾಯ ಹೇಳುವ ಹಕ್ಕಿದೆ, ಹೇಳಿದೆ. ಐವತ್ತು ನಕ್ಷೆಗಳನ್ನು ಯಾರು ಬೇಕಾದರೂ ಮಾಡಿಯಾರು, ಆದರೆ ಆ ಹನ್ನೆರಡು ನೋಟ್‌ಬುಕ್ಕುಗಳನ್ನು ಬೇರೆ ಯಾರೂ ಬರೆಯಲಾರರು. ಶಾಖೆಯಾದ ಮೇಲೆ ಮಳೆಗಾಲ ಕಳೆದ ಮನೆಗಳಿಗೆ ಹೋಗಲು ಬಿಡುತ್ತಾರೆಯೇ ಎಂದು ಮೊದಲು ಕೇಳು. ಅವರು ಕೊಡುವ ಉತ್ತರದ ಮೇಲೆ ನಿನ್ನ ತೀರ್ಮಾನ ನಿಲ್ಲಲಿ ಎಂದೆ. ಆಕೆ ಇನ್ನೂ ನಿರ್ಧರಿಸಿಲ್ಲ.

ಈ ನಿರ್ಧಾರ ಆಕೆಯೊಬ್ಬಳದೇ ಅಲ್ಲ ಎಂಬುದೇ ನಾನು ಇಷ್ಟು ದೀರ್ಘವಾಗಿ ಬರೆದುದರ ತಾತ್ಪರ್ಯ. ನಮ್ಮೂರಿನಲ್ಲಿ ಇಂಥದೊಂದು ಕಚೇರಿ ಉಳಿಯಬೇಕೋ ಬೇಡವೋ ಎಂಬುದನ್ನು, ನಕ್ಷೆಯ ಹಣ ಎಣಿಸುವಾಗ ನಾವೆಲ್ಲರೂ ಸ್ವಲ್ಪ ಸ್ವಲ್ಪವಾಗಿ ತೀರ್ಮಾನಿಸುತ್ತಿರುತ್ತೇವೆ. ಮನೆ ಕಟ್ಟಿಸಲು ಹೊರಟ ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ವಿನ್ಯಾಸ ಮಾಡುವವರನ್ನು ಆರಿಸುವಾಗ ಅವರು ತೋರಿಸುವ ಚಿತ್ರಗಳನ್ನು ನೋಡಬೇಡಿ, ಐದು ವರ್ಷದ ಹಿಂದೆ ಅವರು ಮಾಡಿಕೊಟ್ಟ ಮನೆಯೊಂದಕ್ಕೆ ಹೋಗಿ ಅಡುಗೆಮನೆಯಲ್ಲಿರುವವರನ್ನು ಮಾತನಾಡಿಸಿ. ಅವರು ಒಳ್ಳೆಯ ಮಾತು ಹೇಳಿದರೆ, ಮೊದಲ ಕಂತನ್ನು ಚೌಕಾಸಿಯಿಲ್ಲದೆ ಕೊಡಿ.