ಬೈಪಾಸ್ ನಂತರದ ಹತ್ತು ವರ್ಷ

‘ಬೈಪಾಸ್ ಆಗಿದೆ, ಇನ್ನು ಹೆದರಿಕೆಯಿಲ್ಲ’ ಎಂಬ ಮಾತು ನಮ್ಮ ಅತ್ತಿಗುಪ್ಪೆ, ವಿಜಯನಗರದ ಉದ್ಯಾನಗಳಲ್ಲಿ ಬೆಳಗಿನ ನಡಿಗೆಗೆ ಬರುವ ಹಿರಿಯರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಈ ನಿಶ್ಚಿಂತೆಗೆ ಜೀವಕೋಶ ವಿಜ್ಞಾನದ ಬೆಂಬಲವಿಲ್ಲ. ಸರ್ಕಾರದ ಆರೋಗ್ಯ ಯೋಜನೆಗಳೂ ಇದೇ ನಿಶ್ಚಿಂತೆಯನ್ನು ನಂಬಿ ನಡೆಯುತ್ತಿರುವುದು ಇನ್ನೂ ಕಳವಳಕಾರಿ.

ಕಾಲಿನ ಅಭಿಧಮನಿಯನ್ನು ತೆಗೆದು ಹೃದಯಕ್ಕೆ ಜೋಡಿಸುವ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಢಿಗೆ ತಂದವರು ಅರ್ಜೆಂಟೀನಾದ ವೈದ್ಯ ರೆನೆ ಫವಲೋರೊ. ಇಂದು ಸಾಮಾನ್ಯವಾಗಿ ಎದೆಗೂಡಿನ ಒಳಗಿನ ಅಪಧಮನಿಯೊಂದನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೂ, ಕಾಲಿನ ಅಭಿಧಮನಿಯ ತುಂಡುಗಳನ್ನು ಉಳಿದ ನಾಳಗಳಿಗೂ ಜೋಡಿಸುತ್ತಾರೆ. ಎದೆಯ ನಾಳ ಹತ್ತು ವರ್ಷಗಳ ನಂತರವೂ ನೂರಕ್ಕೆ ತೊಂಬತ್ತರಷ್ಟು ರೋಗಿಗಳಲ್ಲಿ ತೆರೆದೇ ಇರುತ್ತದೆ. ಕಾಲಿನ ನಾಳದ ಕಥೆ ಬೇರೆ. ಮೊದಲ ವರ್ಷದಲ್ಲೇ ನೂರಕ್ಕೆ ಹತ್ತಕ್ಕೂ ಹೆಚ್ಚು ಮುಚ್ಚಿಕೊಳ್ಳುತ್ತವೆ. ಹತ್ತು ವರ್ಷ ಕಳೆಯುವ ವೇಳೆಗೆ ಸುಮಾರು ಅರ್ಧದಷ್ಟು ಕೆಟ್ಟಿರುತ್ತವೆ.

ಕಾರಣ ಸರಳವಾದುದು. ಮಲಗಿರುವವನ ಕಾಲಿನ ಅಭಿಧಮನಿಯಲ್ಲಿ ರಕ್ತದ ಒತ್ತಡ ಹತ್ತು ಮಿಲಿಮೀಟರ್ ಪಾದರಸದ ಆಸುಪಾಸು. ಅದೇ ನಾಳ ಒಂದೇ ದಿನದಲ್ಲಿ, ಪ್ರತಿ ಮಿಡಿತಕ್ಕೂ 120ರವರೆಗೆ ಏರಿಳಿಯುವ ಒತ್ತಡಕ್ಕೆ ಒಡ್ಡಿಕೊಳ್ಳಬೇಕಾಗುತ್ತದೆ. ನಾಳದ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಕೋಶದಷ್ಟು ತೆಳುವಾದ ಹೊದಿಕೆಯಿದೆ. ಅದು ಸ್ರವಿಸುವ ನೈಟ್ರಿಕ್ ಆಕ್ಸೈಡ್ ರಕ್ತ ಹೆಪ್ಪುಗಟ್ಟದಂತೆಯೂ, ಗೋಡೆಯೊಳಗಿನ ಸ್ನಾಯುಕೋಶಗಳು ಸುಮ್ಮನಿರುವಂತೆಯೂ ನೋಡಿಕೊಳ್ಳುತ್ತದೆ. ಕಾಲಿನಿಂದ ಬಿಡಿಸುವಾಗ, ಹಿಗ್ಗಿಸುವಾಗ ಈ ಹೊದಿಕೆ ಹರಿದರೆ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಅಂಟಿಕೊಳ್ಳುತ್ತವೆ. ಮೊದಲ ತಿಂಗಳಲ್ಲಿ ನಾಳ ಮುಚ್ಚುವುದು ಬಹುಪಾಲು ಹೀಗೆ ಗಟ್ಟಿದ ಹೆಪ್ಪಿನಿಂದ.

ನಂತರದ್ದು ನಿಧಾನಗತಿಯ ಕೆಲಸ. ಬೆಳವಣಿಗೆಯ ಸಂಕೇತ ದೊರೆತ ಸ್ನಾಯುಕೋಶಗಳು ಸಂಕುಚಿಸುವ ತಮ್ಮ ವೃತ್ತಿಯನ್ನು ತೊರೆದು, ದ್ವಿಗುಣಗೊಳ್ಳುತ್ತ ಒಳಮೈಯತ್ತ ಸರಿದು, ಅಲ್ಲಿ ಕಾಲಜನ್ ಮೊದಲಾದ ಪದಾರ್ಥಗಳನ್ನು ತುಂಬುತ್ತವೆ. ಇದು ರೋಗವೆಂದು ಆರಂಭವಾಗುವುದಿಲ್ಲ; ಅಭಿಧಮನಿಯು ಅಪಧಮನಿಯಾಗಲು ಮಾಡುವ ಪ್ರಯತ್ನ, ಗೋಡೆಗೆ ಬಲ ತುಂಬುವ ದುರಸ್ತಿ. ಎಲ್ಲಿ ನಿಲ್ಲಬೇಕೆಂಬುದು ಆ ಕೋಶಗಳಿಗೆ ತಿಳಿಯದು. ಹೀಗೆ ದಪ್ಪಗಾದ ಗೋಡೆಯಲ್ಲಿ ವರ್ಷಗಳ ನಂತರ ಕೊಬ್ಬು ಸಂಗ್ರಹವಾಗುತ್ತದೆ. ಹುಟ್ಟುನಾಳದಲ್ಲಿ ದಶಕಗಳು ಹಿಡಿಯುವ ಪ್ರಕ್ರಿಯೆ ಇಲ್ಲಿ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ.

ಈ ಕೋಶವಿಭಜನೆಯನ್ನೇ ತಡೆಯಬಹುದೆಂಬ ಆಸೆಯಿಂದ ಎಡಿಫೊಲಿಜೈಡ್ ಎಂಬ ಔಷಧವನ್ನು ಅಮೆರಿಕದಲ್ಲಿ ಸುಮಾರು ಮೂರು ಸಾವಿರ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2005ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕ. ಔಷಧದಲ್ಲಿ ಅದ್ದಿದ ನಾಳಕ್ಕೂ ಅದ್ದದ ನಾಳಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂದೂವರೆ ವರ್ಷದೊಳಗೆ ಎರಡೂ ಗುಂಪುಗಳ ಸುಮಾರು 45 ಪ್ರತಿಶತ ರೋಗಿಗಳಲ್ಲಿ ಕನಿಷ್ಠ ಒಂದು ಅಭಿಧಮನಿಯಾದರೂ ಕೆಟ್ಟಿತ್ತು. ಆದರೆ 1997ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಅಗ್ಗದ ದಾರಿಯನ್ನು ತೋರಿಸಿತ್ತು. ಸ್ಟ್ಯಾಟಿನ್ ಮಾತ್ರೆಯಿಂದ ಕೆಟ್ಟ ಕೊಲೆಸ್ಟರಾಲನ್ನು ಚೆನ್ನಾಗಿ ತಗ್ಗಿಸಿದವರಲ್ಲಿ 27 ಪ್ರತಿಶತ ನಾಳಗಳು ಮತ್ತಷ್ಟು ಕೆಟ್ಟರೆ, ಅಲ್ಪಸ್ವಲ್ಪ ತಗ್ಗಿಸಿದವರಲ್ಲಿ ಆ ಪ್ರಮಾಣ 39. ಇದರ ಜೊತೆಗೆ ಆಸ್ಪಿರಿನ್, ಧೂಮಪಾನ ತ್ಯಾಗ, ರಕ್ತದೊತ್ತಡದ ಹತೋಟಿ. ಇವೆಲ್ಲ ಹಳೆಯ ಸಂಗತಿಗಳು, ಆದ್ದರಿಂದಲೇ ಇವು ಯಾರ ಉತ್ಸಾಹವನ್ನೂ ಕೆರಳಿಸುವುದಿಲ್ಲ.

ಕರ್ನಾಟಕವು ಬಡವರಿಗೆ ಹೃದಯ ಶಸ್ತ್ರಚಿಕಿತ್ಸೆ ಎಟುಕುವಂತೆ ಮಾಡಿದ ರಾಜ್ಯಗಳ ಮುಂಚೂಣಿಯಲ್ಲಿದೆ. ಸಹಕಾರಿ ರೈತರಿಗಾಗಿ 2003ರ ಯಶಸ್ವಿನಿ, ಬಡ ಕುಟುಂಬಗಳಿಗೆ 2010ರ ವಾಜಪೇಯಿ ಆರೋಗ್ಯಶ್ರೀ, 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಇವುಗಳ ಜೊತೆಗೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಜಯದೇವ ಸಂಸ್ಥೆಯ ಸೇವೆ. ಈ ಸಾಧನೆಯನ್ನು ನಾನು ಕಿರಿದುಗೊಳಿಸುತ್ತಿಲ್ಲ. ಆದರೆ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಂತೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಔಷಧವೆಚ್ಚ ದೊರೆಯುವುದು 15 ದಿನಗಳವರೆಗೆ. ನಾಳದ ಸವಕಳಿ ನಡೆಯುವುದು ಹತ್ತು ವರ್ಷ.

ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳ ನಡುವೆ ಬದುಕಿದವನಿಗೆ ಇದು ಪರಿಚಿತ ರೋಗ. 2017ರವರೆಗೂ ನಮ್ಮ ಬಜೆಟ್‌ಗಳಲ್ಲಿ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ವಿಭಜನೆಯಿತ್ತು. ಕೆರೆ ಕಟ್ಟುವುದು ಯೋಜನೆ, ಹೂಳೆತ್ತುವುದು ಯೋಜನೇತರ. ಮೊದಲನೆಯದಕ್ಕೆ ಹಣ, ಎರಡನೆಯದಕ್ಕೆ ಮಿತವ್ಯಯದ ಸುತ್ತೋಲೆ. ವಿಭಜನೆ ಹೋಯಿತು, ಬುದ್ಧಿ ಉಳಿಯಿತು. ಲಕ್ಷ ರೂಪಾಯಿ ದಾಟುವ ಶಸ್ತ್ರಚಿಕಿತ್ಸೆಯನ್ನು ಕಾಯಬಲ್ಲ ಜೆನರಿಕ್ ಮಾತ್ರೆಗಳ ಬೆಲೆ ಜನೌಷಧಿ ಕೇಂದ್ರದಲ್ಲಿ ದಿನಕ್ಕೆ ಕೆಲವೇ ರೂಪಾಯಿ. ಕೂಲಿಯವನೊಬ್ಬ ನೋವಿಲ್ಲವೆಂಬ ಕಾರಣಕ್ಕೆ ಅದನ್ನು ನಿಲ್ಲಿಸಿದರೆ ತಿಳಿಯುವವರು ಯಾರು?

2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಮನೆಗೆ ತಲುಪಿಸುವ ದಾರಿ ಹಾಕಿದೆ. ಬೈಪಾಸ್ ಆದವರ ಸ್ಟ್ಯಾಟಿನ್, ಆಸ್ಪಿರಿನ್ ಅದೇ ಚೀಲದಲ್ಲಿ ಹೋಗಬಹುದು. ಸರ್ಕಾರ ಹಣ ಪಾವತಿಸಿದ ಪ್ರತಿಯೊಂದು ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರದ ಪ್ರತಿಯೂ ರೋಗಿಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಐದನೆಯ ವರ್ಷದಲ್ಲಿ ಅವರಲ್ಲಿ ಎಷ್ಟು ಮಂದಿ ಮಾತ್ರೆ ನುಂಗುತ್ತಿದ್ದಾರೆ ಎಂಬ ಲೆಕ್ಕವನ್ನು, ಎಷ್ಟು ಶಸ್ತ್ರಚಿಕಿತ್ಸೆಗಳಾದವು ಎಂಬ ಲೆಕ್ಕದ ಪಕ್ಕದಲ್ಲೇ, ಆರೋಗ್ಯ ಇಲಾಖೆ ತನ್ನ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಲಿ.